‘ಅಟೋನ್‌ಮೆಂಟ್’: ಒಂದು ಶಬ್ದದ ಪೂರ್ವೋತ್ತರ

ಇಂಗ್ಲಿಷ್ ಭಾಷೆಯ ಧಾರ್ಮಿಕ ಶಬ್ದಗಳಲ್ಲಿ ‘ಅಟೋನ್‌ಮೆಂಟ್’ ಎಂಬುದೊಂದು. ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆದು ನೋಡಿದರೆ ಇದಕ್ಕೆ ‘ಪ್ರಾಯಶ್ಚಿತ್ತ’ ಎಂಬ ಅರ್ಥ ದೊರೆಯುತ್ತದೆ. ಮಾಡಿದ ತಪ್ಪಿಗೆ ತಕ್ಕ ಪರಿಹಾರವನ್ನು ತೆರುವುದು ಎಂಬುದೇ ಇಂದು ಬಳಕೆಯಲ್ಲಿರುವ ಭಾವ. ಆದರೆ ಸುಮಾರು ಐನೂರು ವರ್ಷಗಳ ಹಿಂದೆ ಈ ಶಬ್ದವು ಬಳಕೆಗೆ ಬಂದಾಗ ಅದರಲ್ಲಿ ತೆರುವ ಮಾತಾಗಲಿ ದಂಡದ ಮಾತಾಗಲಿ ಇರಲಿಲ್ಲ. ಬೇರೆಯಾದವರು ಮರಳಿ ಒಂದಾಗುವುದು ಎಂಬಷ್ಟೇ ಅದರ ತಾತ್ಪರ್ಯವಾಗಿತ್ತು. ಈ ಅರ್ಥವು ಬದಲಾದ ಬಗೆಯನ್ನೂ ಅದರ ಹಿಂದಿರುವ ಮನುಷ್ಯರ ಬಾಳನ್ನೂ ಯಥಾಶಕ್ತಿ ವಾಚಕರ ಮುಂದಿಡುವುದು ಈ ಕಿರುಲೇಖನದ ಉದ್ದೇಶ. ನಾನು ಭಾಷಾಪಂಡಿತನಲ್ಲ; ಮೆಟ್ರಿಕ್‌ವರೆಗೆ ಓದಿ, ಕಿರ್ದಿ ಖಾತೆಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದ ವರ್ತಕ. ಆದರೂ ಈ ಶಬ್ದದ ಕಥೆಯಲ್ಲಿ ವರ್ತಕನೂ ಕಿವಿಗೊಡಬೇಕಾದ ಲೆಕ್ಕವೊಂದಿದೆ ಎಂದು ನನಗೆ ತೋರಿದೆ.

ಮೊದಲು ಶಬ್ದವನ್ನು ಬಿಡಿಸಿ ನೋಡೋಣ. ಜಗಳವಾಡಿದ ಇಬ್ಬರು ರಾಜಿಯಾದರೆ ಹಿಂದಿನ ಇಂಗ್ಲಿಷರು ಅವರನ್ನು ‘ಅಟ್ ಒನ್’ ಆದರು ಎನ್ನುತ್ತಿದ್ದರು. ನಾವು ಕನ್ನಡದಲ್ಲಿ ‘ಒಂದಾದರು’ ಎನ್ನುವುದಕ್ಕೆ ಇದು ಸರಿಹೋಲುತ್ತದೆ. ಐಕ್ಯ ಎಂಬರ್ಥದ ‘ಓನ್‌ಮೆಂಟ್’ ಎಂಬ ಪದವೂ ಹದಿನಾಲ್ಕನೆಯ ಶತಮಾನದಲ್ಲಿ ಬಳಕೆಯಲ್ಲಿತ್ತು. ಇವೆರಡೂ ಬೆಸೆದು ‘ಅಟೋನ್‌ಮೆಂಟ್’ ಆಯಿತು. ಒಂದು ಎಂಬುದನ್ನು ಇಂದು ‘ವನ್’ ಎಂದು ಉಚ್ಚರಿಸುತ್ತಾರಾದರೂ ಅದರ ಹಳೆಯ ಉಚ್ಚಾರ ‘ಓನ್’ ಎಂಬುದಕ್ಕೆ ಸಮೀಪವಾಗಿತ್ತು. ‘ಓನ್ಲಿ’, ‘ಅಲೋನ್’ ಎಂಬ ಪದಗಳಲ್ಲಿ ಆ ಹಳೆಯ ಧ್ವನಿ ಇಂದಿಗೂ ಉಳಿದಿದೆ. ‘ಅಟೋನ್’ ಎಂಬುದರಲ್ಲಿಯೂ ಉಳಿದಿದೆ. ಮೂಲಪದದ ಉಚ್ಚಾರ ಬದಲಾಗಿ ಅದರಿಂದ ಹುಟ್ಟಿದ ಪದಗಳ ಉಚ್ಚಾರ ಹಾಗೆಯೇ ನಿಂತುದರಿಂದ ತಾಯಿ-ಮಕ್ಕಳ ಸಂಬಂಧವು ಕಿವಿಗೆ ತಿಳಿಯದೆ ಹೋಯಿತು. ಇಂದು ಈ ಶಬ್ದವನ್ನು ಆಡುವ ಇಂಗ್ಲಿಷರಲ್ಲಿಯೂ ಎಷ್ಟೋ ಮಂದಿ ಅದರೊಳಗೆ ‘ಒಂದು’ ಅಡಗಿದೆಯೆಂಬುದನ್ನು ಗಮನಿಸುವುದಿಲ್ಲ.

ಈ ಶಬ್ದದ ಮೊದಮೊದಲ ಪ್ರಯೋಗಗಳಲ್ಲೊಂದು ಸರ್ ಥಾಮಸ್ ಮೋರ್ ಎಂಬ ವಿದ್ವಾಂಸನ ಗ್ರಂಥದಲ್ಲಿದೆ. ಅವನು 1513ರ ಸುಮಾರಿನಲ್ಲಿ ಬರೆಯತೊಡಗಿದ ಮೂರನೆಯ ರಿಚರ್ಡ್ ದೊರೆಯ ಚರಿತ್ರೆಯಲ್ಲಿ, ಪರಸ್ಪರ ಹಗೆ ಸಾಧಿಸುತ್ತಿದ್ದ ಸರದಾರರ ನಡುವಣ ರಾಜಿಯನ್ನು ಹೇಳುವಾಗ ಈ ಪದವನ್ನು ಬಳಸಿದ್ದಾನೆ. ಅಲ್ಲಿ ದೇವರ ಪ್ರಸ್ತಾಪವಿಲ್ಲ, ಪಾಪದ ಪ್ರಸ್ತಾಪವೂ ಇಲ್ಲ. ಆ ಶತಮಾನದ ಕೊನೆಯಲ್ಲಿ ಅದೇ ದೊರೆಯ ಕಥೆಯನ್ನು ನಾಟಕವಾಗಿಸಿದ ಷೇಕ್ಸ್‌ಪಿಯರನೂ ಇದೇ ಅರ್ಥದಲ್ಲಿ ಪದವನ್ನು ಪ್ರಯೋಗಿಸಿದ್ದಾನೆ.

ಶಬ್ದಕ್ಕೆ ಧಾರ್ಮಿಕ ಪದವಿಯನ್ನು ಕೊಟ್ಟವನು ವಿಲಿಯಂ ಟಿಂಡೇಲ್. ಆ ಕಾಲದಲ್ಲಿ ಇಂಗ್ಲೆಂಡಿನ ಜನರಿಗೆ ಬೈಬಲ್ ಗ್ರಂಥವು ಲ್ಯಾಟಿನ್ ಭಾಷೆಯಲ್ಲಿ ಮಾತ್ರ ಅಧಿಕೃತವಾಗಿ ದೊರೆಯುತ್ತಿತ್ತು. ಧರ್ಮಾಧಿಕಾರಿಗಳ ಅನುಮತಿಯಿಲ್ಲದೆ ಅದನ್ನು ದೇಶಭಾಷೆಗೆ ತರುವುದು ಹದಿನೈದನೆಯ ಶತಮಾನದ ಆರಂಭದಿಂದಲೇ ನಿಷಿದ್ಧವಾಗಿತ್ತು. ಸಾಮಾನ್ಯ ಜನರೂ ಧರ್ಮಗ್ರಂಥವನ್ನು ತಮ್ಮ ಭಾಷೆಯಲ್ಲಿ ಓದಬೇಕೆಂದು ಹಂಬಲಿಸಿದ ಟಿಂಡೇಲನು 1524ರಲ್ಲಿ ಸ್ವದೇಶವನ್ನು ಬಿಟ್ಟು ಜರ್ಮನಿಗೆ ಹೋದನು. 1525ರಲ್ಲಿ ಕೊಲೋನ್ ನಗರದಲ್ಲಿ ನಡೆಯುತ್ತಿದ್ದ ಮುದ್ರಣಕಾರ್ಯಕ್ಕೆ ವಿಘ್ನ ಒದಗಲು, ಮರುವರ್ಷ ವೊರ್ಮ್ಸ್ ನಗರದಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದನು. ಪ್ರತಿಗಳು ಕಳ್ಳದಾರಿಯಿಂದ ಇಂಗ್ಲೆಂಡನ್ನು ಸೇರಿದವು. ಲಂಡನಿನ ಬಿಷಪ್ ಟನ್‌ಸ್ಟಾಲ್ ಅವುಗಳನ್ನು ಹುಡುಕಿಸಿ ಸುಡಿಸಿದನು. ಸಾವಿರಾರು ಪ್ರತಿಗಳಲ್ಲಿ ಇಂದು ಉಳಿದಿರುವುವೆಂದು ತಿಳಿದಿರುವುದು ಮೂರು ಮಾತ್ರ; ಮೂರನೆಯದು ಜರ್ಮನಿಯ ಸ್ಟುಟ್‌ಗಾರ್ಟ್ ಗ್ರಂಥಾಲಯದಲ್ಲಿ ಪತ್ತೆಯಾದದ್ದು 1996ರಲ್ಲಿ.

ಆ 1526ರ ಅನುವಾದದಲ್ಲಿ ಗ್ರೀಕ್ ಮೂಲದ ‘ಕತಲ್ಲಗೆ’ ಎಂಬ ಪದಕ್ಕೆ ಟಿಂಡೇಲನು ‘ಅಟೋನ್‌ಮೆಂಟ್’ ಎಂಬುದನ್ನು ಆರಿಸಿಕೊಂಡನು. ದೇವರಿಂದ ದೂರವಾದ ಮನುಷ್ಯನು ಮರಳಿ ದೇವರೊಡನೆ ಒಂದಾದನು ಎಂಬುದು ಅಲ್ಲಿಯ ಭಾವ. ಲ್ಯಾಟಿನ್ ಅರಿಯದ ರೈತನಿಗೂ ಅರ್ಥವಾಗುವಂತಹ ಮನೆಮಾತಿನ ಪದವದು.

ಇದನ್ನೆಲ್ಲ ಉಗ್ರವಾಗಿ ವಿರೋಧಿಸಿದವನು ಬೇರೆ ಯಾರೂ ಅಲ್ಲ, ಅದೇ ಪದವನ್ನು ಮೊದಲೇ ಬಳಸಿದ್ದ ಥಾಮಸ್ ಮೋರ್. 1529ರಲ್ಲಿ ಮೋರನು ಖಂಡನಗ್ರಂಥವನ್ನು ಪ್ರಕಟಿಸಿದನು. 1531ರಲ್ಲಿ ಟಿಂಡೇಲನು ಉತ್ತರವಿತ್ತನು. ಮೋರನು ಮತ್ತೆ ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಪ್ರತ್ಯುತ್ತರ ಬರೆದನು. ವಾದದ ಹುರುಳೆಲ್ಲ ಶಬ್ದಗಳನ್ನು ಕುರಿತದ್ದೇ ಆಗಿತ್ತು. ಗುರುಗಳು ವಿಧಿಸುವ ಶಿಕ್ಷಾವ್ರತವೆಂಬ ಅರ್ಥದ ‘ಪೆನನ್ಸ್’ ಶಬ್ದವಿದ್ದ ಕಡೆ ಟಿಂಡೇಲನು ಮನಸ್ಸಿನ ಪರಿತಾಪವೆಂಬ ಅರ್ಥದ ‘ರಿಪೆಂಟೆನ್ಸ್’ ಎಂದು ಬರೆದದ್ದು ಆಕ್ಷೇಪಗಳಲ್ಲೊಂದು. ಶಬ್ದ ಬದಲಾದರೆ ಧರ್ಮಸಂಸ್ಥೆಯ ಅಧಿಕಾರವೇ ಅಲುಗಾಡುತ್ತದೆಂಬುದನ್ನು ಮೋರನು ಚೆನ್ನಾಗಿ ಅರಿತಿದ್ದನು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಮಹಾವಿದ್ವಾಂಸರು. ‘ಒಂದಾಗುವುದು’ ಎಂಬ ಶಬ್ದವನ್ನು ತಮ್ಮ ಭಾಷೆಗೆ ಕೊಡುಗೆಯಾಗಿ ಕೊಟ್ಟ ಇವರು ತಾವು ಮಾತ್ರ ಒಂದಾಗಲಿಲ್ಲ. ದೊರೆಯ ಧಾರ್ಮಿಕ ಪರಮಾಧಿಕಾರವನ್ನು ಒಪ್ಪದ ಕಾರಣ 1535ರ ಜುಲೈ 6ರಂದು ಲಂಡನಿನಲ್ಲಿ ಮೋರನ ಶಿರಚ್ಛೇದವಾಯಿತು. ಅದೇ ವರ್ಷ ಆಂಟ್‌ವರ್ಪ್ ನಗರದಲ್ಲಿ ಮೋಸದಿಂದ ಸೆರೆಸಿಕ್ಕ ಟಿಂಡೇಲನನ್ನು 1536ರ ಅಕ್ಟೋಬರಿನಲ್ಲಿ ಬ್ರಸೆಲ್ಸ್ ಸಮೀಪದಲ್ಲಿ ಕೊರಳು ಬಿಗಿದು ಕೊಂದು, ದೇಹವನ್ನು ಸುಟ್ಟರು. ಆಮೇಲೆ ಮೂರು ವರ್ಷ ತುಂಬುವುದರೊಳಗೆ, 1539ರಲ್ಲಿ, ರಾಜಾಜ್ಞೆಯ ಮೇರೆಗೆ ಇಂಗ್ಲೆಂಡಿನ ಚರ್ಚುಗಳಿಗಾಗಿ ಸಿದ್ಧವಾದ ಇಂಗ್ಲಿಷ್ ಬೈಬಲಿನಲ್ಲಿ ಬಹುಭಾಗ ಟಿಂಡೇಲನ ಮಾತುಗಳೇ ಇದ್ದವು.

ಇನ್ನು ಅರ್ಥವು ಪಲ್ಲಟವಾದ ಬಗೆ. 1530ರಲ್ಲಿ ಟಿಂಡೇಲನು ಹಳೆಯ ಒಡಂಬಡಿಕೆಯ ಮೊದಲ ಐದು ಗ್ರಂಥಗಳನ್ನು ಹೀಬ್ರೂ ಭಾಷೆಯಿಂದ ಅನುವಾದಿಸಿದಾಗ, ಅಲ್ಲಿಯ ದೋಷಪರಿಹಾರದ ವಿಧಿಗಳಿಗೂ ಇದೇ ಪದವನ್ನು ಬಳಸಿದನು. ಯೆಹೂದ್ಯರ ‘ಕಿಪ್ಪುರ್’ ದಿನವು ಹೀಗೆ ಇಂಗ್ಲಿಷಿನಲ್ಲಿ ‘ಅಟೋನ್‌ಮೆಂಟ್’ ದಿನವಾಯಿತು. ಆ ಹೀಬ್ರೂ ಧಾತುವಿಗೆ ಮುಚ್ಚುವುದು, ಒರಸಿಹಾಕುವುದು ಎಂಬ ಅರ್ಥಗಳನ್ನು ವಿದ್ವಾಂಸರು ಹೇಳುತ್ತಾರೆ. ಅದೇ ಬಳಗದ ‘ಕೋಫೆರ್’ ಎಂದರೆ ಪ್ರಾಣಕ್ಕೆ ಬದಲಾಗಿ ತೆರುವ ಈಡು. ಸ್ನೇಹದ ಅರ್ಥವಿದ್ದ ಪದವು ಬಲಿ, ರಕ್ತ, ಈಡುಗಳ ನಡುವೆ ಹೋಗಿ ಕುಳಿತಿತು. ಮನುಷ್ಯನ ಪಾಪವು ದೇವರಿಗೆ ಸಲ್ಲಬೇಕಾದ ಸಾಲದಂತೆ, ಅದು ತೀರಲೇಬೇಕು ಎಂಬ ವಿಚಾರವನ್ನು ಆರ್ಚ್‌ಬಿಷಪ್ ಆನ್ಸೆಲ್ಮನು 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ಮೊದಲೇ ಪ್ರತಿಪಾದಿಸಿದ್ದನು. ಆ ವಿಚಾರದ ಭಾರವೆಲ್ಲ ಈ ಪದದ ಮೇಲೆ ಬಿದ್ದಿತು. ಹಿಂದೆ ‘ಇಬ್ಬರನ್ನು ಅಟೋನ್ ಮಾಡಿಸಿದರು’ ಎನ್ನುತ್ತಿದ್ದವರು ಕ್ರಮೇಣ ‘ತಪ್ಪಿಗಾಗಿ ಅಟೋನ್ ಮಾಡಿದರು’ ಎನ್ನತೊಡಗಿದರು. ಎದುರಿಗಿದ್ದ ಮನುಷ್ಯನು ವಾಕ್ಯದಿಂದ ಹೊರಟುಹೋಗಿ, ತಪ್ಪು ಮತ್ತು ಅದರ ಬೆಲೆ ಎರಡೇ ಉಳಿದವು.

1611ರಲ್ಲಿ ಹೊರಬಂದ ಜೇಮ್ಸ್ ದೊರೆಯ ಕಾಲದ ಸುಪ್ರಸಿದ್ಧ ಬೈಬಲಿನಲ್ಲಿ ಈ ಪದವು ಹಳೆಯ ಒಡಂಬಡಿಕೆಯಲ್ಲಿ ಅನೇಕ ಬಾರಿ ಬಂದಿದೆ. ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ, ಒಂದೇ ಒಂದು ಬಾರಿ ಉಳಿದಿದೆ. 1881ರ ಪರಿಷ್ಕರಣದಲ್ಲಿ ಪಂಡಿತರು ಅಲ್ಲಿಂದಲೂ ಅದನ್ನು ತೆಗೆದು, ರಾಜಿ ಎಂಬರ್ಥದ ‘ರೆಕನ್ಸಿಲಿಯೇಷನ್’ ಶಬ್ದವನ್ನಿಟ್ಟರು. ಅವರು ಮಾಡಿದ್ದು ಸರಿಯೇ; ಏಕೆಂದರೆ ಒಂದಾಗುವುದೆಂಬ ಅರ್ಥವನ್ನು ಹೇಳಲೆಂದೇ ಬಂದ ಪದವು ಅಷ್ಟರಲ್ಲಿ ಆ ಅರ್ಥವನ್ನು ಕಳೆದುಕೊಂಡಿತ್ತು.

ಇಲ್ಲಿ ವರ್ತಕನ ಮನಸ್ಸಿಗೆ ನಾಟುವ ಸಂಗತಿಯೊಂದಿದೆ. ಗ್ರೀಕ್ ಭಾಷೆಯ ‘ಕತಲ್ಲಗೆ’ ಮೂಲತಃ ಪೇಟೆಯ ಶಬ್ದ. ನಾಣ್ಯದ ವಿನಿಮಯಕ್ಕೆ ಹಾಗೆನ್ನುತ್ತಿದ್ದರು. ಅದು ಪೇಟೆಯಿಂದ ಹೊರಟು ಸ್ನೇಹಕ್ಕೆ ಬಂದಿತು. ಇಂಗ್ಲಿಷ್ ಶಬ್ದವೋ ಸ್ನೇಹದಿಂದ ಹೊರಟು ಪೇಟೆಯ ಲೆಕ್ಕಕ್ಕೆ ಇಳಿಯಿತು. ಆದರೆ ಕಿಪ್ಪುರ್ ದಿನವನ್ನು ಆಚರಿಸುವ ಯೆಹೂದ್ಯರಲ್ಲಿ ಹಳೆಯ ತಿಳಿವಳಿಕೆ ಮಾಸಿಲ್ಲ. ಕ್ರಿ.ಶ. 200ರ ಸುಮಾರಿನಲ್ಲಿ ಸಂಕಲಿತವಾದ ಅವರ ‘ಮಿಷ್ನಾ’ ಶಾಸ್ತ್ರದ ಪ್ರಕಾರ, ನೆರೆಯವನಿಗೆ ಮಾಡಿದ ಅಪರಾಧವು ಆ ನೆರೆಯವನನ್ನು ಸಮಾಧಾನಪಡಿಸುವ ತನಕ ಆ ಪವಿತ್ರದಿನದಿಂದಲೂ ಪರಿಹಾರವಾಗುವುದಿಲ್ಲ.

ಸ್ವಂತದ ಒಂದು ಮಾತನ್ನು ಹೇಳಲು ವಾಚಕರು ಅನುಮತಿ ನೀಡಬೇಕು. ಹಿಂದೆ ನನಗೂ ಒಬ್ಬ ಪಾಲುದಾರರಿಗೂ ವ್ಯಾಜ್ಯ ಬಂದು, ಹಿರಿಯರು ಪಂಚಾಯಿತಿ ಮಾಡಿದರು. ಅವರಿಗೆ ಸಲ್ಲಬೇಕಾದುದನ್ನು ನಾನು ಪೈಸೆ ಬಿಡದೆ ಸಲ್ಲಿಸಿ, ಖಾತೆಯಲ್ಲಿ ‘ಚುಕ್ತಾ’ ಎಂದು ಬರೆದು ಗೆರೆ ಎಳೆದೆ. ಆಮೇಲೆ ಹನ್ನೊಂದು ವರ್ಷ ಒಂದೇ ಬೀದಿಯಲ್ಲಿ ಓಡಾಡಿದರೂ ನಾವು ಮುಖವೆತ್ತಿ ಮಾತನಾಡಲಿಲ್ಲ. ತಪ್ಪು ನನ್ನದೆಂದು ನನಗೆ ಗೊತ್ತಿತ್ತು. ಹಣ ಕೊಟ್ಟಾಯಿತಲ್ಲ ಎಂಬ ಸಮಾಧಾನವೂ ಇತ್ತು. ಈ ಶಬ್ದದ ಕಥೆಯನ್ನು ಓದಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ನಮ್ಮ ಬಸದಿಯ ಈ ಪ್ರತಿಷ್ಠಾ ಮಹೋತ್ಸವದ ಆಮಂತ್ರಣ ಪತ್ರಿಕೆಯನ್ನು ಅವರ ಮನೆಗೆ ಕಳುಹಿಸದೆ ನಾನೇ ಒಯ್ದೆ. ಬಾಗಿಲು ತೆರೆದವರು ಅವರೇ. ಪತ್ರಿಕೆಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, “ಒಳಗೆ ಬನ್ನಿ” ಎಂದರು.