ಮರದ ತಿರುಳಿನ ಸಂಸ್ಕಾರ ಮತ್ತು ಕಾಗದದ ಆಯುಷ್ಯ

ಓಲೆಗರಿಗಳನ್ನು ಬರವಣಿಗೆಗೆ ಅಣಿಗೊಳಿಸುವ ಮುನ್ನ ಬೇಯಿಸಿ, ಒಣಗಿಸಿ, ಉಜ್ಜಿ ನಯಗೊಳಿಸುತ್ತಿದ್ದ ಕ್ರಮ ಹಸ್ತಪ್ರತಿ ವ್ಯಾಸಂಗಿಗಳಿಗೆ ಪರಿಚಿತವೇ. ಕಾಗದಕ್ಕೂ ಇಂತಹ ಪೂರ್ವಸಂಸ್ಕಾರವುಂಟು. ಮೂಡಬಿದಿರೆಯ ಓಲೆಪ್ರತಿಗಳಲ್ಲಿ ಶತಮಾನಗಳ ಕಾಲ ಉಳಿದ ಧವಲಾ ಟೀಕೆಯು ೧೯೩೯ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮುದ್ರಣಗೊಂಡಿತು. ಹೀಗೆ ಓಲೆಯಿಂದ ಕಾಗದಕ್ಕೆ ಬಂದ ಆಗಮಗಳ ಬಾಳಿಕೆಯು ಆ ಕಾಗದದ ಗುಣವನ್ನೇ ಅವಲಂಬಿಸಿದೆಯಾದ್ದರಿಂದ ಅದರ ಇತಿಹಾಸ ನಮಗೆ ಅಪ್ರಸ್ತುತವಲ್ಲ.

ಯೂರೋಪಿನಲ್ಲಿ ಬಹುಕಾಲ ಬಟ್ಟೆಯ ಚಿಂದಿಯೇ ಕಾಗದಕ್ಕೆ ಮೂಲದ್ರವ್ಯವಾಗಿತ್ತು. ಅದು ಸಾಲದಾದಾಗ ದೃಷ್ಟಿ ಮರದತ್ತ ಹರಿಯಿತು. ೧೮೪೪ರಲ್ಲಿ ಸ್ಯಾಕ್ಸನಿಯ ಕೆಲ್ಲರ್ ಎಂಬಾತನು ಮರವನ್ನು ಸಾಣೆಕಲ್ಲಿಗೆ ಒತ್ತಿ ಅರೆದು ತಿರುಳು ತೆಗೆದನು. ರಾಸಾಯನಿಕ ಸಂಸ್ಕಾರವಿಲ್ಲದ ಈ ತಿರುಳಿನಲ್ಲಿ ನಾರುಗಳು ತುಂಡಾದವು. ಅವನ್ನು ಬೆಸೆದಿದ್ದ ಲಿಗ್ನಿನ್ ಎಂಬ ದ್ರವ್ಯವೂ ಉಳಿಯಿತು. ಬಿಸಿಲಿಗೆ ಬೇಗ ಹಳದಿಗಟ್ಟುವ ವೃತ್ತಪತ್ರಿಕೆಯ ಕಾಗದ ಈ ಬಗೆಯದು.

ಪೈನ್, ಸ್ಪ್ರೂಸ್ ಮೊದಲಾದ ಸೂಜಿಯೆಲೆಯ ಮೆದುಮರಗಳ ನಾರು ಸುಮಾರು ೩ ಮಿಲಿಮೀಟರ್ ಉದ್ದ. ಅಗಲ ಎಲೆಯ ಮರಗಳದು ಸುಮಾರು ೧ ಮಿಲಿಮೀಟರ್. ಆ ನೀಳ ನಾರನ್ನು ಮುರಿಯದೆ ಬಿಡಿಸಿಕೊಳ್ಳುವುದೇ ರಾಸಾಯನಿಕ ಪಾಕದ ಉದ್ದೇಶ. ಅಮೆರಿಕದ ಟಿಲ್ಗ್‌ಮನ್ ೧೮೬೭ರಲ್ಲಿ ಗಂಧಕದ ಆಮ್ಲಪಾಕಕ್ಕೆ ಪೇಟೆಂಟ್ ಪಡೆದನು. ೧೮೭೪ರಲ್ಲಿ ಸ್ವೀಡನ್ನಿನ ಎಕ್‌ಮನ್ ಅದನ್ನು ಬೆರ್ಗ್‌ವಿಕ್‌ನ ಕಾರ್ಖಾನೆಯಲ್ಲಿ ಸಾಧಿಸಿದನು. ಆದರೆ ರಾಳ ತುಂಬಿದ ಪೈನ್ ಮರ ಈ ಪಾಕಕ್ಕೆ ಸುಲಭವಾಗಿ ಬಗ್ಗಲಿಲ್ಲ. ಡಾನ್‌ಜಿಗ್‌ನ ಡಾಲ್ ೧೮೭೯ರಲ್ಲಿ ಕಂಡುಹಿಡಿದ, ಗಂಧಕ ಬೆರೆತ ಕ್ಷಾರದ ಪಾಕವು ರಾಳವನ್ನೂ ಕರಗಿಸಿ ಗಟ್ಟಿಯಾದ ತಿರುಳನ್ನು ನೀಡಿತು. ಅದಕ್ಕೆ ಜರ್ಮನ್ ಭಾಷೆಯಲ್ಲಿ ಬಲವೆಂಬ ಅರ್ಥದ 'ಕ್ರಾಫ್ಟ್' ಎಂಬ ಹೆಸರು ರೂಢವಾಯಿತು.

ಪಾಕಕ್ಕೆ ಮುಂಚಿನ ಉಪಚಾರವೂ ಮುಖ್ಯ. ಮರದ ಚಕ್ಕೆಗಳಿಗೆ ಹಬೆ ಹಾಯಿಸಿ ಒಳಗಿನ ಗಾಳಿಯನ್ನು ಹೊರದೂಡಿದರೆ ದ್ರಾವಣ ಸಮನಾಗಿ ಒಳಸೇರುತ್ತದೆ. ಇಲ್ಲವಾದರೆ ಅಂಚು ಅತಿಯಾಗಿ ಬೆಂದು ನಡುಭಾಗ ಹಸಿಯಾಗಿಯೇ ಉಳಿಯುತ್ತದೆ.

ಆದರೆ ತಿರುಳು ಉತ್ತಮವಾದ ಮಾತ್ರಕ್ಕೆ ಕಾಗದ ಚಿರಾಯುವಾಗದು. ಶಾಯಿ ಹರಡದಂತೆ ರಾಳದೊಡನೆ ಪಟಿಕವನ್ನು ಬೆರೆಸುವ ಕ್ರಮವನ್ನು ಇಲ್ಲಿಗ್ ೧೮೦೭ರಲ್ಲಿ ಪ್ರಕಟಿಸಿದ್ದನು. ಈ ಪಟಿಕದಿಂದ ಹುಟ್ಟುವ ಆಮ್ಲವೇ ನಾರನ್ನು ಕಡಿಯುವುದೆಂದು ಅಮೆರಿಕದ ಬ್ಯಾರೋ ೧೯೫೦ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದನು. ಲಿಗ್ನಿನ್ ಕಳೆದ ಕಾಗದವೂ ಪಟಿಕದ ದೆಸೆಯಿಂದ ಪುಡಿಯಾಗಬಲ್ಲದು.

ಆದುದರಿಂದ ಕಾಗದದ ಪ್ರತಿಗಳ ಸೂಚಿಯಲ್ಲಿ ಲಿಪಿ, ಕಾಲಗಳೊಡನೆ ಕಾಗದದ ಬಗೆ, ಬಣ್ಣ, ಜಲಮುದ್ರೆ, ಅಂಚಿನ ಸ್ಥಿತಿಗಳನ್ನೂ ದಾಖಲಿಸುವುದು ಯುಕ್ತ. ಪುಡಿಯಾಗುತ್ತಿರುವ ಪ್ರತಿಗೆ ಮೊದಲು ಪ್ರತ್ಯಂತರವಾಗಬೇಕು. ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಬಾಳುವ ಪತ್ರದ ಮೇಲೆ ಬರೆಯಿಸುವುದೂ ಶಾಸ್ತ್ರದಾನದ ಅಂಗವೇ ಸರಿ.