ಸೂಜಿಮೊನೆಯಷ್ಟು ರಂಧ್ರದ ಚರಿತ್ರೆ

ಡೀಸೆಲ್ ಎಂಜಿನ್ನಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಶಕ್ತಿಯನ್ನೇ ಕೊಂಡಾಡುತ್ತಾರೆ. ಆ ಎಂಜಿನ್ನು ಲಾರಿಯನ್ನೇರಲು ಕಾಲು ಶತಮಾನ ಕಾಯಬೇಕಾಯಿತೆಂಬುದು ಬಹುಮಂದಿಗೆ ತಿಳಿಯದು. ಅಷ್ಟು ಕಾಲ ಕಾಯಿಸಿದ ತೊಡಕುಗಳಲ್ಲಿ ಮುಖ್ಯವಾದುದು ಇದು: ಒತ್ತಿ ಕಾಯಿಸಿದ ಗಾಳಿಯೊಳಕ್ಕೆ ಎಣ್ಣೆಯನ್ನು ಎಷ್ಟು, ಹೇಗೆ ಚಿಮ್ಮಿಸುವುದು?

1897ರ ಫೆಬ್ರವರಿಯಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ಲನ ಎಂಜಿನ್ನನ್ನು ಪರೀಕ್ಷಿಸಿದಾಗ ಇಂಧನದ ಶಾಖದಲ್ಲಿ ಶೇ. 26.2ರಷ್ಟು ಕೆಲಸವಾಗಿ ಪರಿಣಮಿಸಿತು. ಅಂದಿನ ಉಗಿಯಂತ್ರಗಳು ಇದರ ಸಮೀಪಕ್ಕೂ ಬರುತ್ತಿರಲಿಲ್ಲ. ಆದರೆ ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ನೂಕಲು ಅವನು ನೆಚ್ಚಿದ್ದು ಇನ್ನೂ ಹೆಚ್ಚಿನ ಒತ್ತಡದ ಗಾಳಿಯನ್ನು. ಅದಕ್ಕೆ ಬೇಕಾದ ಕಂಪ್ರೆಸರಿನ ಭಾರವನ್ನು ಕಾರ್ಖಾನೆ ತಾಳಬಲ್ಲದು, ಹಡಗು ತಾಳಬಲ್ಲದು, ಲಾರಿ ತಾಳಲಾರದು. 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾಗಿ ಮಡಿದ ಡೀಸೆಲ್ಲನಿಗೆ, ತನ್ನ ಎಂಜಿನ್ನು ಲಾರಿಯನ್ನೆಳೆಯುವುದನ್ನು ಕಾಣುವ ಭಾಗ್ಯ ದೊರೆಯಲಿಲ್ಲ.

ಬೆಂಜ್ ಕಂಪೆನಿಯ ಪ್ರಾಸ್ಪರ್ ಲೊರಾಂಜ್ 1909ರಲ್ಲೇ ಗಾಳಿಯ ನೆರವಿಲ್ಲದೆ ಎಣ್ಣೆಯನ್ನು ಉರಿಸುವ ಪೂರ್ವಕೋಷ್ಠವನ್ನು ಯೋಚಿಸಿದ್ದನು. 1923ರಲ್ಲಿ ಬೆಂಜ್, 1924ರಲ್ಲಿ ಎಂ.ಎ.ಎನ್. ಕಂಪೆನಿಗಳ ಡೀಸೆಲ್ ಲಾರಿಗಳು ಬಂದವು. ರಾಬರ್ಟ್ ಬಾಷ್‌ನ ಕಾರ್ಖಾನೆಯು 1927ರಲ್ಲಿ ಇಂಜೆಕ್ಷನ್ ಪಂಪನ್ನು ಹೇರಳವಾಗಿ ತಯಾರಿಸತೊಡಗಿದ ಮೇಲೆ ದಾರಿ ಸುಗಮವಾಯಿತು. ಅದೇ ವಿದ್ಯೆ 1951ರಲ್ಲಿ ಸ್ಥಾಪಿತವಾದ ಮೈಕೋ ಮೂಲಕ ಬೆಂಗಳೂರಿನ ಆಡುಗೋಡಿಗೂ ಬಂದಿತು. 2008ರಲ್ಲಿ ಕಂಪೆನಿಯ ಹೆಸರು ಬಾಷ್ ಎಂದಾದರೂ ಮೈಕೋ ಲೇಔಟ್ ಮಾತ್ರ ಹೆಸರನ್ನು ಬಿಟ್ಟುಕೊಟ್ಟಿಲ್ಲ.

ಇನ್ನು ನಾಜಲ್ಲಿನ ವಿಷಯ. ಅಮೆರಿಕದಲ್ಲಿ 1989ರ ಮಾದರಿಯ ಡಾಡ್ಜ್ ಪಿಕಪ್ ಟ್ರಕ್ಕುಗಳಿಗೆ 5.9 ಲೀಟರಿನ ಕಮಿನ್ಸ್ ಎಂಜಿನ್ನು ಬಂದಿತು; ಶಕ್ತಿ 160 ಅಶ್ವಬಲ. ಅದಿಷ್ಟೇ ಸಾಲದೆಂದ ಮಾಲೀಕರು ದೊಡ್ಡ ರಂಧ್ರದ ನಾಜಲ್‌ಗಳನ್ನು ಹಾಕಿಸತೊಡಗಿದರು. ಇಲ್ಲಿ ಹೈಸ್ಕೂಲಿನ ಗಣಿತವನ್ನು ನೆನೆಯಬೇಕು. ರಂಧ್ರದ ವ್ಯಾಸ 0.20 ಮಿ.ಮೀ.ನಿಂದ 0.25ಕ್ಕೆ ಏರಿದರೆ ಹೆಚ್ಚಿದ್ದು ಕಾಲುಭಾಗವೆಂದು ತೋರುತ್ತದೆ. ವಿಸ್ತೀರ್ಣ ಹೆಚ್ಚಿದ್ದು ಶೇ. 56. ಒತ್ತಡವನ್ನು ಇಮ್ಮಡಿಗೊಳಿಸಿದರೂ ಎಣ್ಣೆಯ ಹರಿವು ಹೆಚ್ಚುವುದು ಸುಮಾರು ಶೇ. 41 ಮಾತ್ರ. ಹೀಗಾಗಿ ರಂಧ್ರವನ್ನು ಹಿಗ್ಗಿಸುವುದೇ ಸುಲಭದ ದಾರಿಯಾಯಿತು.

ಆದರೆ ರಂಧ್ರ ಹಿಗ್ಗಿದಂತೆ ಹನಿಯೂ ದಪ್ಪವಾಗುತ್ತದೆ, ನಿಧಾನವಾಗಿ ಉರಿಯುತ್ತದೆ. ಗಾಳಿಯೋ, ಟರ್ಬೋ ಕೊಟ್ಟಷ್ಟೇ. ಉರಿಯಲಾರದ ಎಣ್ಣೆಯ ಇಂಗಾಲ ಕರಿಹೊಗೆಯಾಗುತ್ತದೆ. ನಿಷ್ಕಾಸದ ಬಿಸಿ ಮಿತಿಮೀರಿದರೆ ಪಿಸ್ಟನ್ನೇ ಕರಗೀತು. ಸಿಂಪಡಿಕೆಯ ಕೋನವು ಪಿಸ್ಟನ್ನಿನ ತಲೆಯ ಬಟ್ಟಲಿಗೆ ಒಪ್ಪದಿದ್ದರೆ ಡೀಸೆಲ್ಲು ಸಿಲಿಂಡರಿನ ಗೋಡೆಗೆ ಬಡಿದು ಅಲ್ಲಿಯ ಕೀಲೆಣ್ಣೆಯನ್ನು ತೊಳೆದುಬಿಡುತ್ತದೆ. ಬಲ್ಲವರು ಆದ್ದರಿಂದ ಮೊದಲು ಟರ್ಬೋವನ್ನು ನೋಡಿ, ಬಳಿಕ ನಾಜಲ್ಲನ್ನು ಆರಿಸುತ್ತಾರೆ. ಅವರು ರಂಧ್ರಗಳ ಸಂಖ್ಯೆಯನ್ನೂ ಎಣಿಸುತ್ತಾರೆ: 0.3 ಮಿ.ಮೀ.ನ ನಾಲ್ಕು ರಂಧ್ರಗಳಿಗೂ 0.2 ಮಿ.ಮೀ.ನ ಒಂಬತ್ತಕ್ಕೂ ಒಟ್ಟು ವಿಸ್ತೀರ್ಣ ಒಂದೇ, ಆದರೆ ಎರಡನೆಯದರ ಹನಿ ನುಣುಪು. (ಸಂಶಯವಿದ್ದವರು ಲೆಕ್ಕ ಹಾಕಿ ನೋಡಬಹುದು!)

ಕಾರ್ಖಾನೆಗಳು ಹಿಡಿದದ್ದೂ ಈ ಎರಡನೆಯ ದಾರಿಯನ್ನೇ. 1997ರಲ್ಲಿ ಆಲ್ಫಾ ರೋಮಿಯೋ ಕಾರಿನೊಡನೆ ಮಾರುಕಟ್ಟೆಗೆ ಬಂದ ಕಾಮನ್ ರೈಲ್ ವ್ಯವಸ್ಥೆಯ ಒತ್ತಡ ಈಗ 2000 ಬಾರ್‌ಗಳನ್ನೂ ಮೀರಿದೆ. ರಂಧ್ರಗಳು ಕಿರಿದಾಗುತ್ತಲೇ ಬಂದಿವೆ. ಹವ್ಯಾಸಿಗಳಲ್ಲಿ ಕೆಲವರು ಮಾತ್ರ ಕರಿಹೊಗೆ ಉಗುಳುವುದನ್ನೇ ಪೌರುಷವೆಂದು ಬಗೆದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂದಾಜಿನಂತೆ, ಹಿಂದಿನ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆನಿಯಂತ್ರಣ ಸಾಧನಗಳನ್ನು ಮಾಲೀಕರು ಕಿತ್ತುಹಾಕಿಸಿದ್ದರು.