ತಂಪು ಯಾರಿಗೆ, ತಾಪ ಯಾರಿಗೆ?

ಮಾನವಿಯಲ್ಲಿ ಭತ್ತದ ವ್ಯಾಪಾರ ಮಾಡಿಕೊಂಡಿರುವ ನನ್ನ ಸೋದರಳಿಯ ಎರಡು ವರ್ಷಗಳ ಹಿಂದೆ ರಾಯಚೂರು ನಗರದಲ್ಲಿ ಮೂರಂತಸ್ತಿನ ವಾಣಿಜ್ಯ ಕಟ್ಟಡವೊಂದನ್ನು ಕಟ್ಟಿಸತೊಡಗಿದ. ಕೆಳಗೆ ಬಟ್ಟೆ ಅಂಗಡಿಗಳು, ನಡುವೆ ಕಚೇರಿಗಳು, ಮೇಲೆ ವಿದ್ಯಾರ್ಥಿಗಳ ಪಾಠದ ಕೋಣೆಗಳು ಎಂಬುದು ಅವನ ಯೋಜನೆ. ಕೆಳಗಿನ ಅಂತಸ್ತು ಮುಗಿಯುವ ವೇಳೆಗೆ ಹವಾನಿಯಂತ್ರಣದ ಮೂರು ದರಪಟ್ಟಿಗಳು ಅವನ ಕೈಸೇರಿದ್ದವು. ಅವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದು, "ಮಾವಾ, ಇದರಾಗ ಯಾವುದು ಚಲೋ ಐತಿ, ನೀವ ನೋಡಿ ಹೇಳ್ರಿ" ಎಂದ. ಮೂವತ್ತು ವರ್ಷ ಪಂಪನನ್ನೂ ರನ್ನನನ್ನೂ ಪಾಠ ಹೇಳಿದವನಿಗೆ ಯಂತ್ರಗಳ ವಿಷಯ ಏನು ತಿಳಿಯಬೇಕು? ಆದರೂ ಹಿರಿಯನೆಂಬ ಅಭಿಮಾನ ಬಿಡಲಿಲ್ಲ. "ಸದ್ಯಕ್ಕೆ ಕೆಳಗಿನ ಅಂತಸ್ತಿಗೆ ಅಗ್ಗದ್ದನ್ನು ಹಾಕಿಸು, ಮೇಲಿನದನ್ನು ಆಮೇಲೆ ನೋಡೋಣ" ಎಂದುಬಿಟ್ಟೆ. ಆ ಮಾತು ತಪ್ಪೆಂಬುದನ್ನು ಮುಂದಿನ ಬೇಸಗೆ ನನಗೆ ಕಲಿಸಿತು. ಆ ತಪ್ಪಿನ ಬೆನ್ನುಹತ್ತಿ ನಾನು ಓದಿಕೊಂಡ, ಕಂಡುಕೊಂಡ ಕೆಲವು ಸಂಗತಿಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮ ಸೀಮೆಯ ಬಿಸಿಲು ಇತಿಹಾಸಕ್ಕೆ ಹೊರಗಿನದಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ಎಷ್ಟೋ ಅರಸರು ಕಾದಿದ್ದಾರೆ. ಕೃಷ್ಣದೇವರಾಯನು ರಾಯಚೂರು ಕೋಟೆಗಾಗಿ ಆದಿಲ್‌ಶಾಹಿಯೊಡನೆ ಹೋರಾಡಿದ್ದು 1520ರಲ್ಲಿ. ಅದೂ, ಬಹುಜನ ಇತಿಹಾಸಕಾರರು ಒಪ್ಪುವಂತೆ, ಮೇ ತಿಂಗಳಲ್ಲಿ. ಆ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಸಾಮಾನ್ಯ. ಆ ಯುದ್ಧದ ವಿವರವನ್ನು ಬರೆದಿಟ್ಟ ಪೋರ್ಚುಗೀಸ್ ವರ್ತಕ ನೂನಿಜ್, ಆನೆ ಕುದುರೆ ಕಾಲಾಳುಗಳ ಲೆಕ್ಕದ ನಡುವೆ ಇನ್ನೊಂದು ಲೆಕ್ಕವನ್ನೂ ಕೊಡುತ್ತಾನೆ. ದಾರಿಯುದ್ದಕ್ಕೂ ನಿಂತು ದಂಡಿನವರಿಗೆ ನೀರು ಕೊಡಲು ಚರ್ಮದ ಚೀಲಗಳನ್ನು ಹೊತ್ತ 12,000 ಜನರಿದ್ದರಂತೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಗೆದ್ದ ಅರಸನ ಹೆಸರು ಉಳಿದ ಚರಿತ್ರೆಯಲ್ಲಿ, ಪಕಾಲಿ ಹೊತ್ತು ಅದೇ ಬಿಸಿಲಿನಲ್ಲಿ ನಿಂತವರ ಸುಳಿವೂ ಒಂದು ಸಾಲಿನಲ್ಲಿ ಉಳಿಯಿತಲ್ಲ, ಅದು ನನಗೆ ಮುಖ್ಯವೆನಿಸುತ್ತದೆ.

ತಂಪಿನ ಚರಿತ್ರೆಗೆ ನಮ್ಮಲ್ಲಿ ಎರಡು ಕವಲುಗಳಿವೆ. ಒಂದು ಅರಸರದು. ವಿಜಯಪುರದ ಸಮೀಪದ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ಕಟ್ಟಿಸಿದ ಜಲಮಂಟಪಗಳು ಇಂದಿಗೂ ಇವೆ. ಎತ್ತರದ ತೊಟ್ಟಿಗಳಿಗೆ ನೀರೇರಿಸಿ, ಕೊಳವೆಗಳಲ್ಲಿ ಹರಿಸಿ, ತುಂತುರಾಗಿ ಸುರಿಯುವಂತೆ ಮಾಡಿದ ಬೇಸಗೆಯ ವಿಹಾರಸ್ಥಾನ ಅದು. ಇನ್ನೊಂದು ಕವಲು ದಾರಿಹೋಕರದು. ಹಳಗನ್ನಡದ ಶಾಸನಗಳಲ್ಲೂ ಕಾವ್ಯಗಳಲ್ಲೂ 'ಅಱವಂಟಿಗೆ' ಎಂಬ ಮಾತು ಬರುತ್ತದೆ. ಇಂದಿನ ಅರವಟ್ಟಿಗೆ ಅದೇ. ಅಱ ಎಂದರೆ ಧರ್ಮ. ಬಿಸಿಲಲ್ಲಿ ಬಂದವನಿಗೆ ನೆರಳನ್ನೂ ನೀರನ್ನೂ ಕೊಡುವ ಏರ್ಪಾಡಿಗೆ ಜನ ಭೂಮಿಯನ್ನು ದತ್ತಿ ಬಿಟ್ಟಿದ್ದಾರೆ. ಒಂದು ಕವಲಿನಲ್ಲಿ ತಂಪು ಭೋಗ, ಇನ್ನೊಂದರಲ್ಲಿ ಧರ್ಮ.

ಇವೆರಡರ ನಡುವೆ ಸಾಮಾನ್ಯ ಸಂಸಾರಿಯ ಮನೆಯೊಂದಿತ್ತು. ನಾನು ಹುಟ್ಟಿ ಬೆಳೆದ ದೇವದುರ್ಗದ ಮನೆ ಅಂಥದು. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ತೊಲೆ ಜಂತಿಗಳನ್ನು ಹಾಯಿಸಿ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಅಂಗಳ, ಪಡಸಾಲೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಹಗಲೆಲ್ಲ ಬಾಗಿಲು ಕಿಟಕಿ ಮುಚ್ಚಿ, ಸಂಜೆ ತೆರೆಯುವುದು ಅಜ್ಜಿಯ ನಿಯಮ. ಗೋಡೆಯ ದಪ್ಪವೇ ಬಿಸಿಲನ್ನು ತಡೆಹಿಡಿದು, ಅದು ಒಳಮೈಗೆ ತಲುಪುವಷ್ಟರಲ್ಲಿ ರಾತ್ರಿಯಾಗಿಬಿಡುತ್ತಿತ್ತು. ಆಗ ಮನೆಯವರೆಲ್ಲ ಮಾಳಿಗೆಯ ಮೇಲೆ ಮಲಗಿರುತ್ತಿದ್ದರು. ಈ ಮನೆಯನ್ನು ನಾನು ವೈಭವೀಕರಿಸಲಾರೆ. ಒಳಗೆ ಕತ್ತಲೆ, ಮಳೆಗಾಲದಲ್ಲಿ ಸೋರಿಕೆ, ವರ್ಷವರ್ಷವೂ ಮಾಳಿಗೆಗೆ ಮಣ್ಣು ಹೊರುವ ಕೆಲಸ. ಹೊತ್ತವರು ಯಾರೆಂಬುದೂ ನೆನಪಿದೆ. ಅವರಾರೂ ಆ ಪಡಸಾಲೆಯಲ್ಲಿ ಮಲಗಿದವರಲ್ಲ.

ಸ್ಥಿತಿವಂತರ ಮನೆಗಳಲ್ಲೂ ಕಚೇರಿಗಳಲ್ಲೂ ಲಾವಂಚದ ತಟ್ಟಿಗಳಿದ್ದವು. ನಮ್ಮ ಕಡೆ ಅದನ್ನು ಖಸ್ ಎನ್ನುತ್ತಾರೆ. ಬಾಗಿಲಿಗೆ ಕಟ್ಟಿದ ಬೇರಿನ ತಟ್ಟಿಗೆ ನೀರು ಚಿಮುಕಿಸಿದರೆ, ಒಳಬರುವ ಬಿಸಿಗಾಳಿ ತಂಪಾಗಿ ಸುಗಂಧಿತವಾಗಿ ಬರುತ್ತದೆ. ಇದರ ಹಿಂದಿನ ತತ್ತ್ವ ಸರಳ. ನೀರು ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಅದು ಗಾಳಿಯಿಂದ ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವ ಶಾಖ, ಏಳು ಕಿಲೋ ಮಂಜುಗಡ್ಡೆ ಕರಗಲು ಬೇಕಾದ ಶಾಖಕ್ಕೆ ಸಮ. ಇಂದಿನ ಏರ್ ಕೂಲರ್ ಈ ತಟ್ಟಿಯ ಮೊಮ್ಮಗು. ಚೈತ್ರ ವೈಶಾಖಗಳ ಒಣಗಾಳಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಶ್ರಾವಣದ ತೇವದಲ್ಲಿ ಮೈ ಅಂಟಂಟಾಗುವುದಷ್ಟೇ ಲಾಭ. ತಟ್ಟಿಯ ಜೊತೆಗೆ ಕಚೇರಿಗಳಲ್ಲಿ ತೂಗುವ ಪಂಖಾ ಇರುತ್ತಿತ್ತು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಬಂದು, ಹೊರಜಗಲಿಯ ಬಿಸಿಗಾಳಿಯಲ್ಲಿ ಕುಳಿತವನೊಬ್ಬನ ಕೈಯಲ್ಲೋ ಕಾಲಿನ ಹೆಬ್ಬೆರಳಲ್ಲೋ ಇರುತ್ತಿತ್ತು.

ಇನ್ನು ಹಿಮದ ಕಥೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟ ಹಡಗೊಂದು, ಕೊರೆದು ತೆಗೆದ ಕೆರೆಯ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿಕೊಂಡು, ನಾಲ್ಕು ತಿಂಗಳ ಪ್ರಯಾಣ ಮಾಡಿ ಕಲಕತ್ತೆಗೆ ಬಂತು. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯ ಸಾಹಸ ಅದು. ತುಂಬಿದ್ದು ಸುಮಾರು 180 ಟನ್, ಕರಗಿ ಉಳಿದದ್ದು ಸುಮಾರು 100 ಟನ್. ಈ ಹಿಮವನ್ನು ಕಾಪಾಡಲು ಮದರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದ ಭವನವಾಗಿದೆ. 1897ರಲ್ಲಿ ಸ್ವಾಮೀಜಿ ಅಲ್ಲಿ ತಂಗಿದ್ದರು. ಆ ವ್ಯಾಪಾರ ಮುಗಿದುಹೋಯಿತು, ಅದರ ಅಳತೆ ಮಾತ್ರ ಉಳಿಯಿತು. ಅಂಗಡಿಯವರು 'ಒಂದೂವರೆ ಟನ್ನಿನ ಎ.ಸಿ.' ಎಂದಾಗ ಯಂತ್ರದ ತೂಕವೆಂದು ನಾನು ಬಹಳ ಕಾಲ ನಂಬಿದ್ದೆ. ಹಾಗಲ್ಲ. 2000 ಪೌಂಡ್, ಎಂದರೆ ಸುಮಾರು 907 ಕಿಲೋ ಮಂಜುಗಡ್ಡೆಯು 24 ಗಂಟೆಯಲ್ಲಿ ಕರಗುತ್ತ ಹೀರುವಷ್ಟು ಶಾಖವನ್ನು ಹೀರುವ ವೇಗವೇ ಒಂದು ಟನ್.

ಯಂತ್ರದ ಹುಟ್ಟೂ ಸ್ವಾರಸ್ಯವಾಗಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದೇ ವರ್ಷ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಒಂದು ಏರ್ಪಾಡನ್ನು ರೂಪಿಸಿದ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವವನ್ನು ಹದದಲ್ಲಿಡುವುದು ಅವನ ಗುರಿ. 1906ರಲ್ಲಿ 'ಏರ್ ಕಂಡಿಷನಿಂಗ್' ಎಂಬ ಹೆಸರನ್ನು ಕೊಟ್ಟವನು ಸ್ಟುವರ್ಟ್ ಕ್ರೇಮರ್, ಹತ್ತಿ ಗಿರಣಿಗಳ ಎಂಜಿನಿಯರ್. ನೂಲು ಹರಿಯದಂತೆ ಗಾಳಿಗೆ ತೇವ ಕೂಡಿಸುವುದು ಅವನ ಕೆಲಸ. ಹತ್ತಿಯ ಪೇಟೆಯಾದ ರಾಯಚೂರಿನವನಾಗಿ ನನಗೆ ಇದು ಸೋಜಿಗವೆನಿಸಿತು. ಈ ಯಂತ್ರ ಮೊದಲು ಸೇವೆ ಮಾಡಿದ್ದು ಕಾಗದಕ್ಕೆ ಮತ್ತು ನೂಲಿಗೆ. ಮನುಷ್ಯನ ಸರದಿ ಆಮೇಲೆ ಬಂತು.

ಇಷ್ಟನ್ನು ಓದುತ್ತಿರುವಾಗಲೇ ಬೇಸಗೆ ಬಂತು. ಅಳಿಯನ ಬಟ್ಟೆ ಅಂಗಡಿಗಳು ಭರಾಟೆಯಿಂದ ನಡೆಯುತ್ತಿದ್ದವು. ನನ್ನ ಮಾತಿನಂತೆ ಹಾಕಿಸಿದ ಎಂಟು ಸ್ಪ್ಲಿಟ್ ಯಂತ್ರಗಳ ಹೊರಪೆಟ್ಟಿಗೆಗಳನ್ನು ಹಿಂಗೋಡೆಗೆ, ಆಳೆತ್ತರದಲ್ಲಿ ಕೂರಿಸಿದ್ದರು. ಹಿಂದೆ ಇಕ್ಕಟ್ಟಾದ ಓಣಿ. ಅಲ್ಲಿ ಒಬ್ಬ ಹೆಣ್ಣುಮಗಳು ಎಷ್ಟೋ ವರ್ಷಗಳಿಂದ ಜೋಳದ ರೊಟ್ಟಿ ಬಡಿದು ಮಾರುತ್ತ ಬಂದಿದ್ದಾಳೆ. ಒಂದು ಮಧ್ಯಾಹ್ನ ರೊಟ್ಟಿಗೆಂದು ಹೋದವನು ಅಲ್ಲಿ ನಿಲ್ಲಲಾರದೆ ಹೋದೆ. ಎಂಟು ಪೆಟ್ಟಿಗೆಗಳೂ ಒಟ್ಟಾಗಿ ಅವಳ ಬೆನ್ನಿಗೆ ಬೆಂಕಿಯ ಗಾಳಿ ಊದುತ್ತಿದ್ದವು. "ಒಲಿ ಮುಂದ ಕುಂದ್ರೂದು ನನಗೇನು ಹೊಸದಲ್ರಿ ಸರ. ಒಲಿ ನಾನ ಹಚ್ಚೀನಿ, ರೊಟ್ಟಿ ಮುಗದ ಮ್ಯಾಲ ನಾನ ಆರಸ್ತೀನಿ. ಈ ಪೆಟಗಿ ಉರಿ ಯಾರು ಆರಸಬೇಕ್ರಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಉತ್ತರವಿರಲಿಲ್ಲ.

ಅಂದು ಎಂಜಿನಿಯರೊಬ್ಬರಲ್ಲಿ ಕುಳಿತು ಮೊದಲಿನಿಂದ ಕೇಳಿ ತಿಳಿದೆ. ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ, ಶಾಖವನ್ನು ಸಾಗಿಸುತ್ತದೆ. ಒಂದೂವರೆ ಟನ್ನಿನ ಯಂತ್ರ ಕೋಣೆಯಿಂದ ಸುಮಾರು ಐದು ಕಿಲೋವಾಟ್ ಶಾಖವನ್ನು ಎತ್ತುತ್ತದೆ. ಅದಕ್ಕಾಗಿ ಒಂದೂವರೆ ಕಿಲೋವಾಟ್‌ನಷ್ಟು ವಿದ್ಯುತ್ತನ್ನು ತಿನ್ನುತ್ತದೆ. ಎರಡನ್ನೂ ಕೂಡಿಸಿ ಹೊರಗೆ ಸುರಿಯುತ್ತದೆ. ಒಳಗಿನ ತಂಪಿಗಿಂತ ಹೊರಗಿನ ತಾಪ ಯಾವಾಗಲೂ ಹೆಚ್ಚು. ಹಾಗಾದರೆ ಆಯ್ಕೆ ಮಾಡುವವನು 'ಯಾವ ಯಂತ್ರ' ಎಂದು ಕೇಳುವ ಮೊದಲು, ಎತ್ತಬೇಕಾದ ಶಾಖ ಎಷ್ಟು, ಅದನ್ನು ಇಳಿಸುವುದು ಯಾರ ಬಾಗಿಲಲ್ಲಿ ಎಂದು ಕೇಳಬೇಕು.

ಮೊದಲ ಪ್ರಶ್ನೆಗೆ ದೇವದುರ್ಗದ ಮನೆಯೇ ಉತ್ತರ ಹೇಳಿತು. ಮೇಲಿನ ಅಂತಸ್ತುಗಳ ಪಡುವಣ ಮುಖಕ್ಕೆಲ್ಲ ಗಾಜು ಹಾಕುವುದೆಂದಿತ್ತು. ಅದನ್ನು ಬಿಟ್ಟು ಗೋಡೆ ಕಟ್ಟಿ, ಕಿಟಕಿಗಳಿಗೆ ಆಳವಾದ ನೆರಳು ಕೊಟ್ಟೆವು. ತಾರಸಿಗೆ ಶಾಖ ತಡೆಯುವ ಪದರ ಹಾಸಿ ಮೇಲೆ ಬಿಳಿಯ ಹೆಂಚುಬಿಲ್ಲೆ ಕೂರಿಸಿದೆವು. 60 ಟನ್ ಎಂದಿದ್ದ ಲೆಕ್ಕ 48ಕ್ಕೆ ಇಳಿಯಿತು. 24 ಡಿಗ್ರಿಗೆ ಇಟ್ಟರೆ ಸಾಕೆಂದೂ ಗೊತ್ತುಮಾಡಿಕೊಂಡೆವು. 2020ರಿಂದ ಕೋಣೆಯ ಎ.ಸಿ.ಗಳು ಕಾರ್ಖಾನೆಯಿಂದಲೇ ಆ ಗುರುತಿನಲ್ಲಿ ಬರಬೇಕೆಂಬುದು ಸರ್ಕಾರದ ನಿಯಮ.

ಎರಡನೆಯ ಪ್ರಶ್ನೆಗೆ ದರಪಟ್ಟಿಗಳನ್ನು ಮತ್ತೆ ಬಿಡಿಸಬೇಕಾಯಿತು. ಒಂದನೆಯದು ಬಿಡಿಬಿಡಿ ಸ್ಪ್ಲಿಟ್ ಯಂತ್ರಗಳು. ಅಗ್ಗ, ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ. ಆದರೆ ಕೊಳವೆ ಬಹಳ ಉದ್ದ ಹೋಗಲಾರದಾದ್ದರಿಂದ ಹೊರಪೆಟ್ಟಿಗೆ ಹತ್ತಿರದ ಗೋಡೆಯಲ್ಲೇ, ಎಂದರೆ ಓಣಿಯಲ್ಲೇ ಇರಬೇಕು. ಎರಡನೆಯದು ನೀರಿನಿಂದ ತಣಿಯುವ ಚಿಲ್ಲರ್ ಯಂತ್ರ. ವಿದ್ಯುತ್ತಿನ ಉಳಿತಾಯ ದೊಡ್ಡದು, ಆದರೆ ಅದರ ಗೋಪುರದಲ್ಲಿ ಪ್ರತಿ ಟನ್ನಿಗೆ ಗಂಟೆಗೆ 6–7 ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಎಲ್ಲವೂ ಪೂರ್ಣವಾಗಿ ನಡೆದರೆ ಹತ್ತು ಗಂಟೆಗೆ ಮೂರು ಸಾವಿರ ಲೀಟರಿನಾಚೆ. ಎರಡು ನದಿಗಳ ನಡುವಿದ್ದೂ ಬೇಸಗೆಯಲ್ಲಿ ಕೊಡ ಹಿಡಿದು ನಿಲ್ಲುವ ಊರಲ್ಲಿ ಇದು ಒಪ್ಪುವ ಮಾತಲ್ಲ. ಕೊಳವೆಬಾವಿಯ ಸವುಳು ನೀರು ಯಂತ್ರಕ್ಕೂ ಒಳ್ಳೆಯದಲ್ಲ, ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಮೂರನೆಯದು, 1982ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ವಿ.ಆರ್.ಎಫ್. ಪದ್ಧತಿ. ಕೆಲವೇ ದೊಡ್ಡ ಹೊರಪೆಟ್ಟಿಗೆಗಳಿಂದ ಅನೇಕ ಕೋಣೆಗಳಿಗೆ ಬೇಕಾದಷ್ಟೇ ಅನಿಲ ಹರಿಯುತ್ತದೆ. ಮೇಲಿನ ಪಾಠದ ಕೋಣೆಗಳು ಸಂಜೆ ಮಾತ್ರ ತುಂಬಿ, ಕಚೇರಿಗಳು ಹಗಲು ಮಾತ್ರ ನಡೆಯುವ ಕಟ್ಟಡಕ್ಕೆ ಇದು ಹೊಂದುತ್ತದೆ. ಕೊಳವೆ ದೂರ ಸಾಗುವುದರಿಂದ ಪೆಟ್ಟಿಗೆಗಳನ್ನು ತಾರಸಿಯ ಮೇಲಿಡಬಹುದು. ಬೆಲೆ ಹೆಚ್ಚು, ಎಲ್ಲೋ ಸೋರಿದರೆ ಹುಡುಕುವ ಕಷ್ಟ ಹೆಚ್ಚು. ಅನಿಲದ ವಿಷಯವನ್ನೂ ಕೇಳಿದೆವು. ಓಜೋನ್ ಪದರವನ್ನು ಕೆಡಿಸುವ ಅನಿಲಗಳಿಗೆ ತಡೆ ಹಾಕಿದ ಮಾಂಟ್ರಿಯಲ್ ಒಪ್ಪಂದ 1987ರದು. ಆಮೇಲೆ ಬಂದ ಆರ್–410ಎ ಓಜೋನಿಗೆ ಕೇಡು ಮಾಡದಿದ್ದರೂ, ಸೋರಿದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು ಬಲಶಾಲಿ. ಆರ್–32ರ ಬಲ ಸುಮಾರು ಅದರ ಮೂರನೆಯ ಒಂದು ಪಾಲು.

ಅಳಿಯ ಲೆಕ್ಕ ಹಾಕಿ ಮುಖ ಸಣ್ಣದು ಮಾಡಿಕೊಂಡ. ಸಾಲದ ಮೇಲೆ ಸಾಲ. "ಓಣ್ಯಾಗಿನ ಒಬ್ಬಾಕಿ ಸಲುವಾಗಿ ಇಷ್ಟು ರೊಕ್ಕ ಏನ್ರಿ ಮಾವಾ?" ಎಂದ. ಅವನು ಕೆಟ್ಟವನಲ್ಲ, ಬಡ್ಡಿ ಕಟ್ಟುವವನು. ತಪ್ಪು ಸಲಹೆ ಕೊಟ್ಟವನು ನಾನಾದ್ದರಿಂದ, ಹಳೆಯ ಎಂಟು ಪೆಟ್ಟಿಗೆಗಳನ್ನು ತೆಗೆಸುವ ಖರ್ಚನ್ನು ನನ್ನ ನಿವೃತ್ತಿಯ ಹಣದಿಂದ ಕೊಟ್ಟೆ. ಆ ಯಂತ್ರಗಳನ್ನು ಮಾರಿದ್ದರಿಂದ ಬಂದದ್ದು ಅಲ್ಪ. ಮೂರೂ ಅಂತಸ್ತಿಗೆ ಮೂರನೆಯ ಪದ್ಧತಿಯೇ ಬಂತು. ಈಗ ಓಣಿಯಲ್ಲಿ ಒಲೆಯ ಬಿಸಿಯೊಂದೇ ಇದೆ.

ಆದರೆ ಕಥೆ ಇಲ್ಲಿಗೆ ಮುಗಿಯಿತೆಂದು ನಾನು ಹೇಳಲಾರೆ. ತಾರಸಿಯ ಮೇಲೆ ನಿಂತರೆ ಬಿಸಿಗಾಳಿ ಮೇಲಕ್ಕೇರುವುದು ತಿಳಿಯುತ್ತದೆ. ನಮ್ಮ ಊರಿನಿಂದ ಬಹಳ ದೂರವಲ್ಲದ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯ ಮೇಲೆ, 1985ರಲ್ಲಿ ಮೊದಲ ಘಟಕ ಆರಂಭವಾಗಿ ಮುಂದೆ ಎಂಟು ಘಟಕಗಳಾಗಿ 1720 ಮೆಗಾವಾಟಿಗೆ ಬೆಳೆದ ಶಾಖೋತ್ಪನ್ನ ಕೇಂದ್ರವಿದೆ. ಅಂಥ ಕೇಂದ್ರದಲ್ಲಿ ಸುಡುವ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದು ಸುಮಾರು ಮೂರನೆಯ ಒಂದು ಪಾಲು, ಉಳಿದದ್ದು ನೀರಿಗೂ ಗಾಳಿಗೂ ಹೋಗುತ್ತದೆ. ಓಣಿಯಿಂದ ಎತ್ತಿದ ತಾಪವನ್ನು ನಾವು ಊರಾಚೆಗೆ ಸಾಗಿಸಿದ್ದೇವೆ, ಅಷ್ಟೆ. ಅದನ್ನು ಕಡಿಮೆ ಮಾಡಿದ ಪಾಲು ಯಾವುದಾದರೂ ಇದ್ದರೆ, ಅದು ಗಾಜಿನ ಬದಲು ಗೋಡೆ ಕಟ್ಟಿದ್ದು.

ಕಟ್ಟಡದ ಮುಂದೆ ಈ ಬೇಸಗೆಯಲ್ಲಿ ಅಳಿಯ ತಾನಾಗಿಯೇ ಒಂದು ಚಪ್ಪರ ಹಾಕಿಸಿ ಎರಡು ಹರವಿ ನೀರು ಇಡಿಸಿದ್ದಾನೆ. ಒಳಗಿನ ತಂಪಿಗೆ ಬರಲಾರದವರು ಅಲ್ಲಿ ನಿಂತು ಕುಡಿದು ಹೋಗುತ್ತಾರೆ. ಅದಕ್ಕೆ ಹಳಗನ್ನಡದಲ್ಲಿ ಹೆಸರಿದೆ ಎಂದು ಅವನಿಗೆ ಹೇಳಿದೆ. "ಹೆಸರು ಇರಲಿ ಮಾವಾ, ನೀರು ತುಂಬೋರು ಯಾರಂತ ಹೇಳ್ರಿ" ಎಂದ. ಬೆಳಿಗ್ಗೆ ತಿರುಗಾಡಲು ಹೋದಾಗ ಒಂದು ಹರವಿಯನ್ನು ಈಗ ನಾನೇ ತುಂಬಿ ಬರುತ್ತೇನೆ.